ಸರ್ಕಾರದ ತೀರ್ಮಾನವನ್ನು ನ್ಯಾಯಾಲಯ ಪರಿಶೀಲಿಸುವುದು ಯಾವ ಅಧಿಕಾರದಿಂದ?

ಸರ್ಕಾರದ ಆದೇಶವೊಂದಕ್ಕೆ ಹೈಕೋರ್ಟ್ ತಡೆಯಾಜ್ಞೆ ನೀಡಿದಾಗ, ಅಥವಾ ಅಧಿಸೂಚನೆಯೊಂದನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ, ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಜನರ ಮತ ಪಡೆದು ಬಂದ ಸರ್ಕಾರದ ತೀರ್ಮಾನವನ್ನು ಯಾರ ಮತವನ್ನೂ ಪಡೆಯದ ನ್ಯಾಯಮೂರ್ತಿಗಳು ತಳ್ಳಿಹಾಕುವುದು ಹೇಗೆ ಸರಿ? ಪ್ರಜಾಪ್ರಭುತ್ವದ ಬಗ್ಗೆ ಕಾಳಜಿಯಿರುವ ಯಾರಿಗಾದರೂ ತೋಚಬೇಕಾದ ಪ್ರಶ್ನೆಯೇ ಇದು. ಆದರೆ ಉತ್ತರ ಹುಡುಕುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ಆ ಸರ್ಕಾರಕ್ಕೆ ತೀರ್ಮಾನ ಕೈಗೊಳ್ಳುವ ಅಧಿಕಾರ ಬಂದದ್ದಾದರೂ ಎಲ್ಲಿಂದ? ಸಚಿವ ಸಂಪುಟವಾಗಲಿ, ಜಿಲ್ಲಾಧಿಕಾರಿಯಾಗಲಿ, ನಗರಸಭೆಯಾಗಲಿ ತಾವಾಗಿಯೇ ಸೃಷ್ಟಿಸಿಕೊಂಡ ಅಧಿಕಾರ ಯಾವುದೂ ಇಲ್ಲ. ಎಲ್ಲವೂ ಸಂವಿಧಾನದಿಂದ, ಇಲ್ಲವೇ ಸಂವಿಧಾನದ ಅಡಿಯಲ್ಲಿ ರಚಿತವಾದ ಕಾನೂನಿನಿಂದ ಬಂದದ್ದು. ಕೊಡುವಾಗಲೇ ಎಲ್ಲೆಯನ್ನೂ ಗೊತ್ತುಮಾಡಿ ಕೊಟ್ಟದ್ದು. ಆ ಎಲ್ಲೆಯನ್ನು ಮೀರಲಾಗಿದೆಯೇ ಎಂದು ನೋಡುವ ಕೆಲಸವನ್ನು ಅದೇ ಸಂವಿಧಾನ ನ್ಯಾಯಾಲಯಗಳಿಗೆ ಒಪ್ಪಿಸಿದೆ. ನ್ಯಾಯಾಂಗ ಪರಾಮರ್ಶೆ ಎಂದು ಕರೆಯುವುದು ಇದನ್ನೇ.

ಅಮೆರಿಕದ ಸಂವಿಧಾನದಲ್ಲಿ ಈ ಅಧಿಕಾರವನ್ನು ಸ್ಪಷ್ಟ ಮಾತುಗಳಲ್ಲಿ ಬರೆದಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ 1803ರ ಮಾರ್ಬರಿ ಪ್ರಕರಣದಲ್ಲಿ ಅದನ್ನು ತರ್ಕದಿಂದ ಸ್ಥಾಪಿಸಿತು. ಬ್ರಿಟನ್ನಿನಲ್ಲಿ ಸಂಸತ್ತೇ ಪರಮಾಧಿಕಾರಿ. ಅಲ್ಲಿನ ನ್ಯಾಯಾಲಯಗಳು ಮಂತ್ರಿಯ ಆದೇಶವನ್ನು ರದ್ದುಪಡಿಸಬಲ್ಲವು, ಸಂಸತ್ತಿನ ಕಾಯ್ದೆಯನ್ನು ರದ್ದುಪಡಿಸಲಾರವು. ಈ ಎರಡು ಮಾದರಿಗಳನ್ನೂ ಚೆನ್ನಾಗಿ ಬಲ್ಲ ನಮ್ಮ ಸಂವಿಧಾನ ರಚನಾಕಾರರು ವಿಷಯವನ್ನು ಊಹೆಗೆ ಬಿಡದೆ ಬರೆದಿಟ್ಟರು. ಮೂಲಭೂತ ಹಕ್ಕುಗಳನ್ನು ಕಸಿಯುವ ಅಥವಾ ಮೊಟಕುಗೊಳಿಸುವ ಕಾನೂನನ್ನು ರಾಜ್ಯವು ಮಾಡಕೂಡದು, ಮಾಡಿದರೆ ಉಲ್ಲಂಘನೆಯ ಮಟ್ಟಿಗೆ ಅದು ಶೂನ್ಯ ಎಂದು 13ನೇ ವಿಧಿ ಹೇಳುತ್ತದೆ. ಇಲ್ಲಿ ಕಾನೂನು ಎಂಬುದರೊಳಗೆ ಶಾಸನಸಭೆ ಅಂಗೀಕರಿಸಿದ ಕಾಯ್ದೆಗಳಷ್ಟೇ ಅಲ್ಲದೆ ಸುಗ್ರೀವಾಜ್ಞೆ, ಆದೇಶ, ಉಪವಿಧಿ, ನಿಯಮ, ಅಧಿಸೂಚನೆಗಳೂ ಸೇರುತ್ತವೆ ಎಂದು ಅದೇ ವಿಧಿಯಲ್ಲಿದೆ. ಹಾಗೆಯೇ 12ನೇ ವಿಧಿಯ ಪ್ರಕಾರ ರಾಜ್ಯ ಎಂದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು, ಸಂಸತ್ತು, ವಿಧಾನಮಂಡಲಗಳು, ಸ್ಥಳೀಯ ಸಂಸ್ಥೆಗಳು ಮತ್ತು ಇತರ ಪ್ರಾಧಿಕಾರಗಳು. ಹೀಗಾಗಿ ವಿಧಾನಸೌಧದಲ್ಲಿ ಹೊರಟ ಸುತ್ತೋಲೆಯೂ ಪುರಸಭೆಯ ಉಪವಿಧಿಯೂ ಒಂದೇ ಅಳತೆಗೆ ಒಳಪಡುತ್ತವೆ.

ಸುಪ್ರೀಂ ಕೋರ್ಟಿನ ಆರಂಭದ ದಿನಗಳಲ್ಲೇ, 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕಣಿಯಾ ಅವರು ಈ ಬಗ್ಗೆ ಒಂದು ಸೂಕ್ಷ್ಮವನ್ನು ಗುರುತಿಸಿದರು. 13ನೇ ವಿಧಿಯ ಮೊದಲೆರಡು ಉಪಬಂಧಗಳನ್ನು ಹೆಚ್ಚಿನ ಎಚ್ಚರಿಕೆಗಾಗಿ ಸೇರಿಸಿದಂತಿದೆ, ಅವು ಇಲ್ಲದಿದ್ದರೂ ಮೂಲಭೂತ ಹಕ್ಕನ್ನು ಉಲ್ಲಂಘಿಸಿದ ಕಾನೂನನ್ನು ಅಸಿಂಧುವೆಂದು ಘೋಷಿಸುವ ಅಧಿಕಾರ ನ್ಯಾಯಾಲಯಕ್ಕೆ ಇದ್ದೇ ಇರುತ್ತಿತ್ತು ಎಂಬುದು ಅವರ ಅಭಿಪ್ರಾಯ. ಸರ್ಕಾರದ ಅಧಿಕಾರಕ್ಕೆ ಮಿತಿಯಿದೆ ಎಂದು ಲಿಖಿತವಾಗಿ ಹೇಳಿದ ಮೇಲೆ ಆ ಮಿತಿಯನ್ನು ಕಾಯುವವರೂ ಇರಲೇಬೇಕಾಗುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಎರಡು ವರ್ಷಗಳ ಬಳಿಕ ವಿ.ಜಿ. ರೋ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ ಅವರು, ಶಾಸಕಾಂಗದ ಅಧಿಕಾರವನ್ನು ಕೆಣಕಬೇಕೆಂಬ ಉತ್ಸಾಹದಿಂದ ನ್ಯಾಯಾಲಯಗಳು ಈ ಕೆಲಸಕ್ಕೆ ಇಳಿಯುವುದಿಲ್ಲ, ಸಂವಿಧಾನ ಸ್ಪಷ್ಟವಾಗಿ ಹೊರಿಸಿರುವ ಕರ್ತವ್ಯವನ್ನು ನೆರವೇರಿಸುತ್ತವೆ ಎಂದು ವಿವರಿಸಿದರು. ನ್ಯಾಯಾಲಯ ಬೇಡವೆಂದರೂ ಕಳಚಿಕೊಳ್ಳಲಾಗದ ಹೊಣೆ ಇದು ಎಂಬ ಈ ಮಾತು, ಅಧಿಕಾರದ ಬಗೆಗಿನ ಚರ್ಚೆಗಳಲ್ಲಿ ಸಾಕಷ್ಟು ಕೇಳಿಬರುವುದಿಲ್ಲ.

ಹಕ್ಕುಗಳನ್ನು ಘೋಷಿಸಿದ ಮಾತ್ರಕ್ಕೆ ಅವು ಕೈಗೆ ಸಿಗುವುದಿಲ್ಲ. ಅವುಗಳಿಗಾಗಿ ಎಲ್ಲಿಗೆ ಹೋಗಬೇಕೆಂಬುದೂ ನಿಶ್ಚಿತವಾಗಿರಬೇಕು. 32ನೇ ವಿಧಿಯಂತೆ ಮೂಲಭೂತ ಹಕ್ಕಿನ ರಕ್ಷಣೆಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವುದೇ ಒಂದು ಮೂಲಭೂತ ಹಕ್ಕು. 1948ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ ಡಾ. ಬಿ.ಆರ್. ಅಂಬೇಡ್ಕರ್ ಅವರು ಇದನ್ನು ಸಂವಿಧಾನದ ಆತ್ಮ, ಅದರ ಹೃದಯ ಎಂದು ಕರೆದರು. ಆದರೆ ದಿನನಿತ್ಯದ ಬದುಕಿಗೆ ಹೆಚ್ಚು ಹತ್ತಿರವಾದದ್ದು 226ನೇ ವಿಧಿ. ಅದರ ಪ್ರಕಾರ ಹೈಕೋರ್ಟ್ ಮೂಲಭೂತ ಹಕ್ಕುಗಳ ಜಾರಿಗಾಗಿ ಮಾತ್ರವಲ್ಲದೆ ಬೇರೆ ಯಾವುದೇ ಉದ್ದೇಶಕ್ಕಾಗಿಯೂ ರಿಟ್, ಅಂದರೆ ಸರ್ಕಾರ ಅಥವಾ ಪ್ರಾಧಿಕಾರಕ್ಕೆ ನೀಡುವ ನ್ಯಾಯಾಲಯದ ಆಜ್ಞೆ, ಹೊರಡಿಸಬಹುದು. ಈ ಕೊನೆಯ ಪದಗಳ ಮಹತ್ವ ಭೂಮಿಯ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. 44ನೇ ತಿದ್ದುಪಡಿಯ ನಂತರ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ. 300ಎ ವಿಧಿಯಡಿ ಅದೊಂದು ಸಾಂವಿಧಾನಿಕ ಹಕ್ಕು ಮಾತ್ರ. ಆದ್ದರಿಂದ ಕಾನೂನಿನ ಆಧಾರವಿಲ್ಲದೆ ಜಮೀನು ಕಳೆದುಕೊಂಡ ರೈತನಿಗೆ ಆ ಒಂದೇ ಕಾರಣದ ಮೇಲೆ 32ನೇ ವಿಧಿಯ ಬಾಗಿಲು ತೆರೆಯುವುದಿಲ್ಲ, 226ನೇ ವಿಧಿಯದು ತೆರೆಯುತ್ತದೆ.

ಈ ಬಾಗಿಲು ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಸಂವಿಧಾನ ಜಾರಿಗೆ ಬರುವ ಮೊದಲು ಬ್ರಿಟಿಷ್ ಭಾರತದಲ್ಲಿ ರಿಟ್ ಅಧಿಕಾರವಿದ್ದದ್ದು ಕಲ್ಕತ್ತಾ, ಮದ್ರಾಸ್ ಮತ್ತು ಬಾಂಬೆ ಹೈಕೋರ್ಟುಗಳಿಗೆ ಮಾತ್ರ. 1950ರಲ್ಲಿ ಎಲ್ಲ ಹೈಕೋರ್ಟುಗಳಿಗೂ ಅದು ದೊರೆಯಿತಾದರೂ ದೆಹಲಿಯಲ್ಲಿ ಕಚೇರಿಯಿರುವ ಪ್ರಾಧಿಕಾರದ ವಿರುದ್ಧ ದೂರದ ರಾಜ್ಯದ ಹೈಕೋರ್ಟ್ ರಿಟ್ ಹೊರಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1953ರಲ್ಲಿ ಹೇಳಿತು. ಕೇಂದ್ರ ಸರ್ಕಾರದ ಆದೇಶದಿಂದ ಮೈಸೂರಿನಲ್ಲಿ ತೊಂದರೆಗೆ ಒಳಗಾದವರೂ ಆಗ ದೆಹಲಿಯ ಮೇಲೆ ಅಧಿಕಾರವಿದ್ದ ಪಂಜಾಬ್ ಹೈಕೋರ್ಟಿಗೆ ಹೋಗಬೇಕಾಗುತ್ತಿತ್ತು. 1963ರ 15ನೇ ತಿದ್ದುಪಡಿ ಇದನ್ನು ಸರಿಪಡಿಸಿ, ವ್ಯಾಜ್ಯದ ಕಾರಣ ಎಲ್ಲಿ ಉದ್ಭವಿಸಿತೋ ಅಲ್ಲಿನ ಹೈಕೋರ್ಟಿಗೂ ಅಧಿಕಾರ ನೀಡಿತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾದದ್ದು, 2013ರಲ್ಲಿ ಅವು ಕಾಯಂ ಆದದ್ದು ಉತ್ತರ ಕರ್ನಾಟಕದ ಜನರಿಗೆ ಇದೇ ದೂರವನ್ನು ಮತ್ತಷ್ಟು ತಗ್ಗಿಸಿದವು.

ನ್ಯಾಯಾಲಯ ನೋಡುವುದು ಏನನ್ನು? ಹೆಚ್ಚಿನ ತಪ್ಪು ಗ್ರಹಿಕೆಗಳು ಹುಟ್ಟುವುದು ಇಲ್ಲಿಯೇ. ಮಹಾನಗರಗಳ ಮೊಬೈಲ್ ಫೋನ್ ಪರವಾನಗಿಗೆ ಸಂಬಂಧಿಸಿದ 1994ರ ಟಾಟಾ ಸೆಲ್ಯುಲರ್ ತೀರ್ಪು ಹೇಳಿದಂತೆ, ಪರಾಮರ್ಶೆ ನಡೆಸುವ ನ್ಯಾಯಾಲಯ ಮೇಲ್ಮನವಿ ನ್ಯಾಯಾಲಯವಾಗಿ ಕೂರುವುದಿಲ್ಲ. ತೀರ್ಮಾನವನ್ನು ಕೈಗೊಂಡ ಬಗೆಯನ್ನು ಅದು ಪರಿಶೀಲಿಸುತ್ತದೆ. ಟೆಂಡರಿನಲ್ಲಿ ಯಾವ ಕಂಪನಿ ಹೆಚ್ಚು ಸಮರ್ಥ, ಹೆದ್ದಾರಿ ಯಾವ ಊರಿನ ಮೂಲಕ ಹೋದರೆ ಲೇಸು ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಸರ್ಕಾರದ್ದೇ. ಆದರೆ ಈ ಆದೇಶ ಹೊರಡಿಸುವ ಅಧಿಕಾರ ಆ ಅಧಿಕಾರಿಗೆ ಇತ್ತೇ, ಕಾನೂನು ಹೇಳಿದ ವಿಧಾನವನ್ನು ಪಾಲಿಸಲಾಯಿತೇ, ಆದೇಶದಿಂದ ಬಾಧಿತರಾಗುವವರ ಅಹವಾಲನ್ನು ಕೇಳಲಾಯಿತೇ, ನೋಡಬೇಕಾದ ಸಂಗತಿಗಳನ್ನು ಬಿಟ್ಟು ನೋಡಬಾರದ ಸಂಗತಿಗಳನ್ನು ಗಣನೆಗೆ ತೆಗೆದುಕೊಳ್ಳಲಾಯಿತೇ, ವಿವೇಕವುಳ್ಳ ಯಾರೂ ತಲುಪಲಾಗದ ತೀರ್ಮಾನಕ್ಕೆ ಬರಲಾಯಿತೇ ಎಂಬುದು ನ್ಯಾಯಾಲಯದ ಪ್ರಶ್ನೆ. ಹಕ್ಕನ್ನು ನಿರ್ಬಂಧಿಸಿದ ಸಂದರ್ಭದಲ್ಲಿ ನಿರ್ಬಂಧ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂದೂ ಈಗ ನೋಡಲಾಗುತ್ತದೆ. 2020ರ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಇಂಟರ್ನೆಟ್ ಸ್ಥಗಿತಗೊಳಿಸುವ ಆದೇಶಗಳನ್ನು ಪ್ರಕಟಿಸಲೇಬೇಕು, ಅವು ಅನಿರ್ದಿಷ್ಟ ಕಾಲ ಮುಂದುವರಿಯುವಂತಿಲ್ಲ ಎಂದು ಹೇಳಿದ್ದು ಈ ಅಳತೆಯಿಂದಲೇ.

ಈ ಪ್ರಶ್ನೆಗಳೆಲ್ಲದರ ಬೇರು 14ನೇ ವಿಧಿಯ ಸಮಾನತೆಯಲ್ಲಿದೆ. ಮೊದಲು ಅದನ್ನು ವರ್ಗೀಕರಣದ ನ್ಯಾಯವೆಂದಷ್ಟೇ, ಅಂದರೆ ಜನರನ್ನು ಗುಂಪುಗಳಾಗಿ ವಿಂಗಡಿಸಿದ್ದಕ್ಕೆ ತಕ್ಕ ಆಧಾರವಿದೆಯೇ ಎಂಬ ಪ್ರಶ್ನೆಯಾಗಿಯಷ್ಟೇ, ಓದಲಾಗುತ್ತಿತ್ತು. 1974ರ ರಾಯಪ್ಪ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಸಮಾನತೆ ಮತ್ತು ಸ್ವೇಚ್ಛಾಚಾರ ಬದ್ಧ ವೈರಿಗಳೆಂದು ಹೇಳಿದ ಮೇಲೆ, ಸ್ವೇಚ್ಛೆಯಿಂದ ಕೈಗೊಂಡ ಪ್ರತಿ ಸರ್ಕಾರಿ ಕ್ರಮವೂ ಸಮಾನತೆಯ ಉಲ್ಲಂಘನೆ ಎಂಬ ನಿಲುವು ಗಟ್ಟಿಯಾಯಿತು. ಅದಕ್ಕೂ ಮೊದಲೇ, 1969ರ ಕ್ರೈಪಾಕ್ ಪ್ರಕರಣದಲ್ಲಿ, ಅರಣ್ಯ ಸೇವೆಗೆ ಆಯ್ಕೆ ನಡೆಸಿದ ಮಂಡಳಿಯಲ್ಲಿ ಸ್ವತಃ ಅಭ್ಯರ್ಥಿಯಾಗಿದ್ದ ಅಧಿಕಾರಿಯೇ ಸದಸ್ಯರಾಗಿದ್ದರು. ತಮ್ಮ ಹೆಸರಿನ ಪರಿಶೀಲನೆಯ ವೇಳೆ ಅವರು ಹೊರಗಿದ್ದರೂ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗಿದ್ದರು. ಇದು ಆಡಳಿತಾತ್ಮಕ ತೀರ್ಮಾನ, ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು ಎಂಬಂಥ ಸಹಜ ನ್ಯಾಯದ ತತ್ವ ಇದಕ್ಕೆ ಅನ್ವಯಿಸದು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪದೆ ಆಯ್ಕೆಯನ್ನು ರದ್ದುಪಡಿಸಿತು. ಕಚೇರಿಯ ಕಡತಗಳಲ್ಲಿ ನಡೆಯುವ ತೀರ್ಮಾನಗಳೂ ನ್ಯಾಯಬದ್ಧ ವಿಧಾನಕ್ಕೆ ಕಟ್ಟುಬಿದ್ದಿವೆ ಎಂಬುದು ಅಲ್ಲಿಂದೀಚೆಗೆ ಸ್ಥಿರವಾದ ಮಾತು. ಆದೇಶದಲ್ಲಿ ಇಲ್ಲದ ಕಾರಣವನ್ನು ಮುಂದೆ ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಜೋಡಿಸಿ ಅದನ್ನು ಸಮರ್ಥಿಸಿಕೊಳ್ಳುವಂತಿಲ್ಲ ಎಂದು 1977ರ ಡಿಸೆಂಬರಿನಲ್ಲಿ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಹೇಳಿತು. ಸಾಮಾನ್ಯ ನಾಗರಿಕನಿಗೆ ಇಷ್ಟು ಉಪಯುಕ್ತವಾದ ನಿಯಮ ಬೇರೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ, ಏಕೆಂದರೆ ಅರ್ಜಿ ತಿರಸ್ಕರಿಸುವಾಗಲೇ ಕಾರಣ ಬರೆಯುವ ಶಿಸ್ತನ್ನು ಅದು ಅಧಿಕಾರಿಯ ಮೇಲೆ ಹೇರುತ್ತದೆ.

ಸರ್ಕಾರದ ಅತ್ಯಂತ ರಾಜಕೀಯವಾದ ತೀರ್ಮಾನವೂ ಈ ಪರಿಶೀಲನೆಯ ಹೊರಗಿಲ್ಲ ಎಂಬುದನ್ನು ದೇಶಕ್ಕೆ ತಿಳಿಸಿದ ಪ್ರಕರಣ ಕರ್ನಾಟಕದ್ದು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಜನತಾದಳ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿರುವುದಾಗಿ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ತಲುಪಿದವು. ಏಪ್ರಿಲ್ 20ರಂದು ಅವರಲ್ಲಿ ಏಳು ಮಂದಿ, ತಪ್ಪು ಮಾಹಿತಿ ನೀಡಿ ಸಹಿ ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧ ಎಂದು ಮುಖ್ಯಮಂತ್ರಿ ತಿಳಿಸಿದರೂ ರಾಜ್ಯಪಾಲರ ವರದಿಯ ಮೇಲೆ ಏಪ್ರಿಲ್ 21ರಂದು 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಬೊಮ್ಮಾಯಿ ಅವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ವಜಾ ಮಾಡಿತು. ವರದಿ ಕಳಿಸುವ ಮೊದಲು ಸದನದಲ್ಲಿ ಬಲಾಬಲ ನೋಡಲೇಬೇಕೆಂಬ ಕಡ್ಡಾಯವಿಲ್ಲ ಎಂದು ಅದು ಭಾವಿಸಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಬೇರೆಯದೇ ಉತ್ತರ ನೀಡಿತು.

ಆ ತೀರ್ಪಿನ ತರ್ಕವನ್ನು ಬಿಡಿಸಿ ನೋಡುವುದು ಅಗತ್ಯ. ಸಚಿವ ಸಂಪುಟವು ರಾಷ್ಟ್ರಪತಿಗಳಿಗೆ ಏನು ಸಲಹೆ ನೀಡಿತು ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಬಾರದು ಎಂದು 74ನೇ ವಿಧಿಯ ಎರಡನೆಯ ಉಪಬಂಧ ಹೇಳುತ್ತದೆ. ಕೇಂದ್ರದ ವಾದ ಇದನ್ನೇ ಆಧರಿಸಿತ್ತು. ಸಲಹೆಯನ್ನು ನಾವು ಕೇಳುವುದಿಲ್ಲ, ಆದರೆ ಸಲಹೆಗೆ ಆಧಾರವಾದ ಸಾಮಗ್ರಿ ಸಲಹೆಯ ಭಾಗವಲ್ಲ, ಅದನ್ನು ನೋಡುತ್ತೇವೆ ಎಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ಸಾಮಗ್ರಿ ಇತ್ತೇ, ಅದು ವಿಷಯಕ್ಕೆ ಸಂಬಂಧಿಸಿದ್ದೇ, ಘೋಷಣೆ ದುರುದ್ದೇಶದಿಂದ ಕೂಡಿತ್ತೇ ಎಂಬಷ್ಟಕ್ಕೆ ಪರಿಶೀಲನೆ ಸೀಮಿತ. ಸಾಮಗ್ರಿ ಸಾಕಷ್ಟು ಇತ್ತೇ ಎಂಬುದನ್ನು ನ್ಯಾಯಾಲಯ ತೂಗುವುದಿಲ್ಲ. ಬಹುಮತವನ್ನು ಅಳೆಯುವ ಜಾಗ ವಿಧಾನಸಭೆಯೇ ಹೊರತು ರಾಜಭವನವಲ್ಲ ಎಂಬ ಮಾತೂ, ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂಬ ಮಾತೂ ಇದೇ ತೀರ್ಪಿನವು. ಕರ್ನಾಟಕ, ಮೇಘಾಲಯ ಮತ್ತು ನಾಗಾಲ್ಯಾಂಡ್‌ಗಳ ಘೋಷಣೆಗಳು ಅಸಾಂವಿಧಾನಿಕವಾದವು; ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ಘೋಷಣೆಗಳು ಊರ್ಜಿತವಾದವು. ಅಷ್ಟರಲ್ಲಿ ಕರ್ನಾಟಕದಲ್ಲಿ ಚುನಾವಣೆ ನಡೆದು ಹೊಸ ಸರ್ಕಾರ ಬಂದು ವರ್ಷಗಳೇ ಕಳೆದಿದ್ದರಿಂದ ಬೊಮ್ಮಾಯಿ ಅವರಿಗೆ ದೊರೆತದ್ದು ತತ್ವದ ಗೆಲುವು ಮಾತ್ರ. ವಿಳಂಬ ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿಗೆ ಬಹುಮತ ಸಾಬೀತಿಗೆ ರಾಜ್ಯಪಾಲರು 15 ದಿನಗಳ ಕಾಲಾವಕಾಶ ಕೊಟ್ಟಾಗಲಾದರೋ ಸುಪ್ರೀಂ ಕೋರ್ಟ್ ರಾತ್ರಿಯಿಡೀ ವಾದ ಆಲಿಸಿತು. ಪ್ರಮಾಣವಚನಕ್ಕೆ ತಡೆ ನೀಡಲು ಒಪ್ಪದಿದ್ದರೂ, ಮೇ 19ರ ಸಂಜೆ 4 ಗಂಟೆಗೆ ಸದನದಲ್ಲೇ ವಿಶ್ವಾಸಮತ ನಡೆಯಲಿ ಎಂದು ಆದೇಶಿಸಿತು.

ಈ ಅಧಿಕಾರವನ್ನು ಸಂವಿಧಾನದಿಂದಲೇ ತೆಗೆದುಹಾಕುವ ಯತ್ನವೂ ನಡೆದದ್ದುಂಟು. ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂದ 38ನೇ ತಿದ್ದುಪಡಿ, 356ನೇ ವಿಧಿಯಡಿ ರಾಷ್ಟ್ರಪತಿಗಳಿಗೆ ಉಂಟಾದ ಮನದಟ್ಟನ್ನು ಅಂತಿಮವೆಂದೂ ಪ್ರಶ್ನಾತೀತವೆಂದೂ ಸಾರಿತು. 39ನೆಯದು ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಗೆ ಸಿಗದಂತೆ ಮಾಡಿತು. 1976ರ 42ನೇ ತಿದ್ದುಪಡಿ ಹೈಕೋರ್ಟುಗಳು ಕೇಂದ್ರದ ಕಾಯ್ದೆಗಳ ಸಿಂಧುತ್ವವನ್ನು ನೋಡದಂತೆ ತಡೆಯಿತು, ಮತ್ತು ಸಂವಿಧಾನ ತಿದ್ದುಪಡಿಗಳನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂಬ ಉಪಬಂಧವನ್ನು 368ನೇ ವಿಧಿಗೆ ಸೇರಿಸಿತು. ಬಂಧಿತರ ಅರ್ಜಿಗಳ ಗತಿ ಇನ್ನೂ ಕಠೋರವಾಗಿತ್ತು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಹೈಕೋರ್ಟಿನ ಮೊರೆ ಹೋಗಿದ್ದರು. ಬಂಧನ ಕಾನೂನಿನಂತೆ ಇದೆಯೇ ಎಂದು ತಾವು ನೋಡಬಹುದೆಂದು ದೇಶದ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಮತ್ತು ಒಂದರ ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸ್ಪಷ್ಟವಾಗಿ ತಳ್ಳಿಹಾಕಿತು. ಖಾಸಗಿತನದ ಹಕ್ಕಿನ ಆ ಪ್ರಕರಣವನ್ನು ತಂದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮುಚ್ಚಿದ ಬಾಗಿಲುಗಳನ್ನು ತೆರೆದದ್ದರಲ್ಲಿ ಸಂಸತ್ತಿಗೂ ಪಾಲಿದೆ. 43 ಮತ್ತು 44ನೇ ತಿದ್ದುಪಡಿಗಳು ಈ ನಿರ್ಬಂಧಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿದವು. ಅಪರಾಧ ಪ್ರಕರಣಗಳಲ್ಲಿನ ರಕ್ಷಣೆ ಹಾಗೂ ಜೀವ, ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ 20 ಮತ್ತು 21ನೇ ವಿಧಿಗಳ ಹಕ್ಕುಗಳ ವಿಷಯದಲ್ಲಿ, ತುರ್ತುಪರಿಸ್ಥಿತಿಯಲ್ಲೂ ಅವುಗಳ ಜಾರಿಯನ್ನು ಅಮಾನತಿನಲ್ಲಿ ಇಡುವಂತಿಲ್ಲ ಎಂದು 44ನೆಯದು ವಿಧಿಸಿತು. ಉಳಿದದ್ದನ್ನು ಮೂಲ ಸ್ವರೂಪದ ಸಿದ್ಧಾಂತ ನೋಡಿಕೊಂಡಿತು. ಆ ಸಿದ್ಧಾಂತಕ್ಕೆ ಕಾರಣವಾದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯ ಹಿನ್ನೆಲೆಯಲ್ಲಿ ಹೂಡಿದ ಪ್ರಕರಣ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಏಳು ಮತ್ತು ಆರರ ಬಹುಮತದಿಂದ ಹೇಳಿತು. ಬೆಂಗಳೂರಿನ ಬಟ್ಟೆ ಗಿರಣಿ ಮಿನರ್ವ ಮಿಲ್ಸ್‌ನ ರಾಷ್ಟ್ರೀಕರಣದಿಂದ ಹುಟ್ಟಿದ 1980ರ ಪ್ರಕರಣದಲ್ಲಿ ಅದೇ ಅಳತೆಯಿಂದ, ತಿದ್ದುಪಡಿಗಳನ್ನು ಪ್ರಶ್ನಿಸದಂತೆ ತಡೆದ 42ನೇ ತಿದ್ದುಪಡಿಯ ಆ ಉಪಬಂಧ ಬಿದ್ದುಹೋಯಿತು. ಸೀಮಿತ ಅಧಿಕಾರ ಪಡೆದವರು ಅದೇ ಅಧಿಕಾರವನ್ನು ಬಳಸಿ ತಮ್ಮ ಮಿತಿಯನ್ನು ಅಳಿಸಿಕೊಳ್ಳುವಂತಿಲ್ಲ ಎಂಬುದು ತೀರ್ಪಿನ ತಿರುಳು. 1997ರ ಎಲ್. ಚಂದ್ರಕುಮಾರ್ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳು 32 ಮತ್ತು 226ನೇ ವಿಧಿಗಳ ಪರಾಮರ್ಶೆಯ ಅಧಿಕಾರವೇ ಮೂಲ ಸ್ವರೂಪದ ಅಂಗ ಎಂದರು. ಸರ್ಕಾರಿ ನೌಕರರ ಸೇವಾ ವಿವಾದ ಮೊದಲು ಆಡಳಿತ ನ್ಯಾಯಮಂಡಳಿಗೆ ಹೋದರೂ ಅಲ್ಲಿಂದ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ದಾರಿ ಉಳಿದಿರುವುದು ಈ ತೀರ್ಪಿನಿಂದಾಗಿ.

ಆದೇಶ ರದ್ದಾದ ಬಳಿಕ ಸರ್ಕಾರಕ್ಕೆ ಏನು ಉಳಿಯುತ್ತದೆ ಎಂಬುದನ್ನು ನೋಡದೆ ಈ ವಿಷಯ ಪೂರ್ಣವಾಗುವುದಿಲ್ಲ, ಆರಂಭದ ಪ್ರಶ್ನೆಗೆ ಸಮಾಧಾನದ ಬಹುಪಾಲು ಇರುವುದೂ ಅಲ್ಲಿಯೇ. ತೀರ್ಪನ್ನು ನೇರವಾಗಿ ಅಳಿಸುವ ಅಧಿಕಾರ ಶಾಸಕಾಂಗಕ್ಕಿಲ್ಲ. ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿದಾಗ ಕರ್ನಾಟಕ ಸರ್ಕಾರ ಅದನ್ನು ನಿಷ್ಫಲಗೊಳಿಸಲು ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ, ರಾಜ್ಯವು ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಲು ಹೊರಟಿದೆ, ಇದು ಕಾನೂನಿನ ಆಳ್ವಿಕೆಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಆ ವರ್ಷದ ನವೆಂಬರ್ 22ರಂದು ತಿಳಿಸಿತು. ನೀರಿನ ಸಂಕಟದಲ್ಲಿದ್ದ ರಾಜ್ಯಕ್ಕೆ ಇದು ಕಹಿಯಾದ ಉತ್ತರವಾಗಿತ್ತು. ಆದರೆ ಪ್ರತಿ ರಾಜ್ಯವೂ ತನಗೆ ಒಪ್ಪಿಗೆಯಾಗದ ಆದೇಶವನ್ನು ಹೀಗೆ ಅಳಿಸಬಹುದಾದರೆ ಕರ್ನಾಟಕದ ಪರವಾದ ಆದೇಶಕ್ಕೂ ನೆರೆರಾಜ್ಯದಲ್ಲಿ ಬೆಲೆ ಇರದು.

ಶಾಸಕಾಂಗ ಮಾಡಬಹುದಾದದ್ದು ತೀರ್ಪಿಗೆ ಕಾರಣವಾದ ದೋಷವನ್ನು ತೆಗೆಯುವುದು. ಬಡ್ತಿ ಮೀಸಲಾತಿಯಿಂದ ಮೇಲೇರಿದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ನೌಕರರಿಗೆ ತತ್ಪರಿಣಾಮದ ಜ್ಯೇಷ್ಠತೆ (ಬಡ್ತಿ ಪಡೆದ ದಿನದಿಂದಲೇ ಹೊಸ ಹುದ್ದೆಯಲ್ಲಿ ಎಣಿಸುವ ಹಿರಿತನ) ನೀಡುವ ಕರ್ನಾಟಕದ 2002ರ ಕಾಯ್ದೆಯ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. 2006ರ ಎಂ. ನಾಗರಾಜ್ ತೀರ್ಪು ಕೇಳಿದ್ದ ಅಂಕಿಅಂಶಗಳನ್ನು ರಾಜ್ಯ ಸಂಗ್ರಹಿಸಿಲ್ಲ ಎಂಬ ಕಾರಣದಿಂದ, 2017ರ ಫೆಬ್ರುವರಿ 9ರ ಬಿ.ಕೆ. ಪವಿತ್ರಾ ತೀರ್ಪಿನಲ್ಲಿ ಆ ಕಾಯ್ದೆಯ ಜ್ಯೇಷ್ಠತೆಯ ಕಲಮುಗಳು ಅಸಿಂಧುವಾದವು. ರಾಜ್ಯ ಸರ್ಕಾರ ಹಿರಿಯ ಅಧಿಕಾರಿ ಕೆ. ರತ್ನಪ್ರಭಾ ಅವರ ನೇತೃತ್ವದ ಸಮಿತಿಯ ಮೂಲಕ ಇಲಾಖೆಗಳಲ್ಲಿನ ಪ್ರಾತಿನಿಧ್ಯದ ಅಂಕಿಅಂಶಗಳನ್ನು ಕಲೆಹಾಕಿತು. ಆ ವರದಿಯ ಆಧಾರದ ಮೇಲೆ ಹೊಸ ಮಸೂದೆ ಬಂದು 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದನ್ನೂ ಪ್ರಶ್ನಿಸಲಾಯಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್, ಇದು ಹಿಂದಿನ ತೀರ್ಪನ್ನು ಅಳಿಸುವ ಯತ್ನವಲ್ಲ, ತೀರ್ಪು ತೋರಿಸಿದ ಕೊರತೆಯನ್ನು ತುಂಬುವ ಕ್ರಮ ಎಂದು ಕಾಯ್ದೆಯನ್ನು ಎತ್ತಿಹಿಡಿಯಿತು. ಸಮಿತಿಯ ಅಂಕಿಅಂಶಗಳನ್ನು ಮೇಲ್ಮನವಿಯಲ್ಲಿ ಮಾಡುವಂತೆ ತಾನು ಮತ್ತೆ ತೂಗುವುದಿಲ್ಲ ಎಂದೂ ಹೇಳಿತು. ಸರ್ಕಾರದ ಉದ್ದೇಶ 2002ರಲ್ಲಿ ಏನಿತ್ತೋ 2018ರಲ್ಲೂ ಅದೇ ಇತ್ತು. ನಡುವೆ ಬದಲಾದದ್ದು ಆ ತೀರ್ಮಾನಕ್ಕೆ ಬಂದ ದಾರಿ.